ಮೂರು ಸಲ ಸತ್ತ ರಾಗ್ನಾ

ಹೆಲ್ಲಾವಿಕ್, ಸೂರೊಯ್ ದ್ವೀಪ
ಮೇ 9, 2019

ಕೋಪನ್‌ಹೇಗನ್‌ನಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ ಮಗಳು ಸೋಲ್ರುನ್‌ಗೆ, ತೀರಿಹೋದ ನಿನ್ನ ಅಮ್ಮ ಬರೆಯುತ್ತಿರುವ ಕಾಗದ.

ಬೆಚ್ಚಿಬೀಳಬೇಡ. ನೀನು ಫೋನ್ ಎತ್ತುವುದಿಲ್ಲವಾದ್ದರಿಂದ ಬರೆಯಲೇಬೇಕಾಯಿತು. ಸತ್ತವರ ಫೋನ್ ಯಾರು ಎತ್ತುತ್ತಾರೆ, ಅದೂ ಸರಿಯೇ.

ಹೋದ ಶನಿವಾರ ಮಧ್ಯಾಹ್ನ ಮನೆಯ ಹಿಂದೆ ಆಲೂಗಡ್ಡೆ ನೆಡುತ್ತಿದ್ದೆ. ಬೇಲಿಯ ಹತ್ತಿರ ಇಬ್ಬರು ಬಂದು ನಿಂತರು. ಹುಡುಗ ಬಾಗಿಲು ಬಗ್ಗಿ ದಾಟುವಷ್ಟು ಎತ್ತರ, ಗಡ್ಡವನ್ನು ಜಡೆ ಹೆಣೆದುಕೊಂಡಿದ್ದ, ಕುತ್ತಿಗೆಯಲ್ಲಿ ಥೋರ್‌ನ ಸುತ್ತಿಗೆ. ಹುಡುಗಿ ಪುಟ್ಟವಳು, ಕಣ್ಣಿಗೆಲ್ಲ ಕಪ್ಪು ಬಳಿದುಕೊಂಡಿದ್ದಳು. ಅವಳ ಕೈಯಲ್ಲಿ ಬಿಳಿ ಹೂವಿನ ಗೊಂಚಲು. ಟೋರ್ಸ್‌ಹಾವ್ನ್‌ನಿಂದ ಹಡಗಿನಲ್ಲಿ ಎರಡು ಗಂಟೆ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದಾಳೆ. ಇಬ್ಬರ ಅಂಗಿಯ ಮೇಲೂ ನಿಮ್ಮ ತಂಡದ ಹೆಸರು, ‘ರಾನ್ ಬಲೆ’. ಅದರ ಕೆಳಗೆ ಕಡಲೊಳಗಿಂದ ಬಲೆ ಬೀಸುತ್ತಿರುವ ಒಬ್ಬ ಹೆಂಗಸು. ರಾನ್ ಇರಬೇಕು. ಮುಳುಗಿದವರನ್ನು ಬಾಚಿಕೊಳ್ಳುವ ದೇವತೆಗೆ ಮೈಮೇಲೆ ಅಷ್ಟೇ ಬಟ್ಟೆಯೇನೇ? ನಮ್ಮ ಕಡಲಿನ ಚಳಿ, ಇದೇ ಊರಲ್ಲಿ ಬೆಳೆದ ನಿಮ್ಮ ತಂಡದ ಬ್ರಾಂಡುರ್‌ಗೆ ಮರೆತುಹೋಯಿತೇನು?

ಹುಡುಗಿಯ ಹೆಸರು ವೀಬ್ಕೆ. ಜರ್ಮನಿಯವಳು. ಬಹಳ ಸಂಕೋಚದಿಂದ ಇಂಗ್ಲಿಷಿನಲ್ಲಿ ಕೇಳಿದಳು: “ಅಮ್ಮಾ, ತಪ್ಪು ತಿಳ್ಕೋಬೇಡಿ. ರಾಗ್ನಾ ಅವರ ಸಮಾಧಿ ಎಲ್ಲಿದೆ?”

“ಯಾವ ರಾಗ್ನಾ?” ಅಂದೆ.

“ಸೋಲ್ರುನ್ ಅವರ ತಾಯಿ. ಸಾಯೋವಾಗ ಮಗಳಿಗೆ ಆಸಾಳ ಹಾಡು ಹೇಳ್ಕೊಟ್ರಲ್ಲ, ಅವರು.”

ನನ್ನ ಕೈಯಲ್ಲಿ ಸನಿಕೆ ಇತ್ತು. ಅದನ್ನು ನೆಲಕ್ಕೆ ಊರಿ, ಅದರ ಮೇಲೆ ಭಾರ ಹಾಕಿ ನಿಂತೆ. ಒಳಗೆ ಕರೆದು ಕೂರಿಸಿ, ಕಾಫಿ ಕೊಟ್ಟು, ರೂಬಾರ್ಬ್ ಜಾಮ್ ಹಚ್ಚಿದ ರೊಟ್ಟಿ ಕೊಟ್ಟೆ. ಹುಡುಗ ಆರು ತಿಂದ. ಆಮೇಲೆ ವೀಬ್ಕೆ ಫೋನಿನಲ್ಲಿ ನಿನ್ನ ವಿಡಿಯೊ ತೋರಿಸಿದಳು. ಹ್ಯಾಂಬರ್ಗ್. ಕೆಂಪು ದೀಪ, ಹೊಗೆ, ತೋಳದ ಚರ್ಮ ಹೊದ್ದ ಬ್ರಾಂಡುರ್ ಗಿಟಾರ್ ಹಿಡಿದು ಹಿಂದೆ ನಿಂತಿದ್ದಾನೆ. ನೀನು ಮೈಕಿನ ಮುಂದೆ ಬಂದು, ಜ್ವರದಲ್ಲಿ ಬೇಯುತ್ತಾ ನಾನು ನಿನ್ನ ಕೈ ಹಿಡಿದುಕೊಂಡಿದ್ದು, ಒಂದೊಂದೇ ಚರಣ ಪಿಸುಗುಟ್ಟಿದ್ದು, ಕೊನೆಯ ಉಸಿರಿನ ಜೊತೆ ಹಾಡನ್ನು ನಿನ್ನ ಮಡಿಲಿಗೆ ಹಾಕಿ ಹೋದದ್ದು, ಎಲ್ಲ ಹೇಳಿದೆ. ಸಾವಿರಾರು ಜನ ತಣ್ಣಗೆ ನಿಂತು ಕೇಳುತ್ತಿದ್ದಾರೆ. ನನ್ನ ಅಡುಗೆಮನೆಯಲ್ಲಿ ವೀಬ್ಕೆ ಅತ್ತಳು. ಕಪ್ಪೆಲ್ಲ ಕೆನ್ನೆಗೆ ಇಳಿಯಿತು. ನಾನೇ ಒರೆಸಲು ಬಟ್ಟೆ ಕೊಟ್ಟೆ.

ಈಗ ಹೇಳು, ನಾನು ಏನು ಮಾಡಬೇಕಿತ್ತು? “ಕೂಸೇ, ನಾನೇ ರಾಗ್ನಾ, ಸತ್ತಿಲ್ಲ, ನೀನು ತಿಂದ ರೊಟ್ಟಿ ಸುಟ್ಟವಳೇ ನಾನು” ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಾಗಲಿಲ್ಲ ಸೋಲ್ರುನ್. ಹೇಳಿದ್ದರೆ ಆ ಹುಡುಗಿ ನಿನ್ನನ್ನು ಸುಳ್ಳಿ ಅನ್ನುತ್ತಿದ್ದಳು. ನಿನ್ನನ್ನು ಸುಳ್ಳಿ ಅನ್ನುವ ಹಕ್ಕು ನನಗೆ ಇದೆ. ಯಾವುದೋ ಊರಿಂದ ಬಂದವಳಿಗೆ ಇಲ್ಲ. ಎದ್ದು, ಸ್ವೆಟರ್ ಹಾಕಿಕೊಂಡು ಇಬ್ಬರನ್ನೂ ಚರ್ಚಿನ ಹಿಂದಕ್ಕೆ ಕರೆದುಕೊಂಡು ಹೋಗಿ ನನ್ನಜ್ಜಿಯ ಸಮಾಧಿ ತೋರಿಸಿದೆ. ಅವಳದೂ ರಾಗ್ನಾ ಎಂಬ ಹೆಸರೇ ತಾನೆ. ಹುಡುಗಿ ಮಂಡಿಯೂರಿ ಹೂವಿಟ್ಟಳು. ಹುಡುಗ ಕಲ್ಲನ್ನೇ ನೋಡುತ್ತಿದ್ದವನು, “ಇಲ್ಲಿ 1974 ಅಂತ ಇದೆಯಲ್ಲ?” ಅಂದ.

“ಕಲ್ಲು ಕೆತ್ತೋನು ಕುಡುಕ ಕಣಪ್ಪ. ಇಸವಿ ತಪ್ಪು ಹಾಕ್ಬಿಟ್ಟ” ಅಂದೆ.

ಅಷ್ಟರಲ್ಲಿ ಪಕ್ಕದ ಮನೆ ಸಾಮಲ್ ರಸ್ತೆಯಲ್ಲಿ ಲಾರಿ ನಿಲ್ಲಿಸಿ ಗೋಡೆಯ ಆಚೆಯಿಂದ ಕೂಗಿದ: “ಏನ್ ರಾಗ್ನಕ್ಕ, ಯಾರಿಗೆ ಹೂವು?”

“ನಂಗೇ!” ಅಂದೆ. ನಮ್ಮ ಮಾತು ಅವರಿಬ್ಬರಿಗೆ ಅರ್ಥವಾಗದು, ಪುಣ್ಯ.

ಅವತ್ತು ಸಂಜೆಯೇ ಇಡೀ ಹೆಲ್ಲಾವಿಕ್‌ಗೆ ಗೊತ್ತಾಯಿತು. ಸೋಮವಾರ ಮೀನು ಕಾರ್ಖಾನೆಯಲ್ಲಿ ನನ್ನ ಜಾಗದಲ್ಲಿ ಮೇಣದ ಬತ್ತಿ ಹಚ್ಚಿಟ್ಟಿದ್ದರು. ಸಾಲಿನಲ್ಲಿದ್ದವರೆಲ್ಲ ತಲೆ ತಗ್ಗಿಸಿ ನಿಂತು, ನಾನು ಬಂದೊಡನೆ ನಕ್ಕು ಬಿದ್ದರು. ನಾನೂ ನಕ್ಕೆ. ಅವತ್ತು ಕಾಡ್ ಮೀನನ್ನು ಹೇಗೆ ಕೊಯ್ದೆನೆಂದರೆ ಮೇಸ್ತ್ರಿ ಹತ್ತಿರ ಬರಲಿಲ್ಲ.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಸಾಮಲ್ ಸುಮ್ಮನಿರುವ ಪೈಕಿಯೇ? ಕೂತು ನಿನ್ನ ಬೇರೆ ವಿಡಿಯೊಗಳನ್ನೂ ಹುಡುಕಿದ. ಗ್ರಾಜ್ ಎಂಬ ಊರಿನಲ್ಲಿ ನಾನು ಕುರಿ ಅಟ್ಟಿಸಿಕೊಂಡು ಹೋಗಿ ಬಂಡೆಯಿಂದ ಬಿದ್ದು ಸತ್ತಿದ್ದೇನೆ. ಬೆರ್ಗೆನ್‌ನಲ್ಲಿ ತೆರೆ ಬಂದು ಎಳೆದುಕೊಂಡು ಹೋಗಿದೆ. ಇರುವವಳು ಒಬ್ಬಳೇ ತಾಯಿ, ಅವಳನ್ನು ಮೂರು ಬಗೆಯಲ್ಲಿ ಕೊಂದೆಯಲ್ಲೇ! ಕುರಿಯ ಹಿಂದೆ ಓಡಿ ಸಾಯುವಷ್ಟು ದಡ್ಡಿಯೇನೇ ನಾನು? ನನ್ನ ಕುರಿಗಳು ಶಿಳ್ಳೆ ಹಾಕಿದರೆ ಬರುತ್ತವೆ.

ಇನ್ನು ಹಾಡು. ಆ ವಿಡಿಯೊದಲ್ಲಿ ಹಾಡನ್ನೂ ಕೇಳಿದೆ. ಆಸಾ ರಾನ್‌ಳ ಬಲೆಗೆ ಸಿಕ್ಕಿದ ತಮ್ಮನನ್ನು ಹುಡುಕಿಕೊಂಡು ಕಡಲ ತಳಕ್ಕೆ ಇಳಿದಳು, ರಾನ್‌ಳ ಮನೆ ಹೊಕ್ಕಳು, ಹರಿದ ಬಲೆಯ ಮುಂದೆ ಸೂಜಿ ಹಿಡಿದು ಕೂತಳು. ಅಲ್ಲಿಯವರೆಗೂ ಸರಿ. ಥಟ್ಟನೆ ತಮ್ಮನ ಕೈಗೆ ಕೊಡಲಿ ಎಲ್ಲಿಂದ ಬಂತು? ಬಲೆ ಕಡಿದ, ರಕ್ತ ಹರಿಯಿತು, ರಾನ್‌ಳ ತಲೆ ಉರುಳಿತು. ನನ್ನಜ್ಜಿಯ ಹಾಡಿನಲ್ಲಿ ಒಂದು ತೊಟ್ಟು ರಕ್ತ ಇಲ್ಲ. ಅದು ಊರೆಲ್ಲ ಸೇರುವ ಕುಣಿತದ ಮನೆಯ ಹಾಡೂ ಅಲ್ಲ, ನಮ್ಮ ಅಡುಗೆಮನೆಯದು. ಚಳಿಗಾಲದಲ್ಲಿ ಹೆಂಗಸರು ಕೈ ಕೈ ಹಿಡಿದು ಒಲೆಯ ಸುತ್ತ ಕಾಲು ಕುಟ್ಟುತ್ತಾ ಹಾಡಿದ್ದು. ಅದಕ್ಕೆ ತೋಳದ ಚರ್ಮ ಹೊದಿಸಿದ್ದು ಬ್ರಾಂಡುರ್ ಅಂತ ನನಗೆ ಗೊತ್ತು. ಈ ಸಾವಿನ ಕಥೆಯೂ ಅವನ ತಲೆಯಿಂದಲೇ ಹುಟ್ಟಿರಬೇಕು. ಆದರೆ ನಾಲಿಗೆ ನಿನ್ನದು.

ಜೂನ್‌ನಲ್ಲಿ ಜೋನ್ಸೋಕಾ ಹಬ್ಬಕ್ಕೆ ಪಕ್ಕದ ತ್ವೋರೊಯ್ರಿಯಲ್ಲಿ ನಿಮ್ಮ ತಂಡ ಹಾಡುತ್ತದಂತೆ, ಗೋಡೆಗೆಲ್ಲ ಅಂಟಿಸಿದ್ದಾರೆ. ಬಾ. ಹಾಡಿದ ಮೇಲೆ ಕುಣಿತದ ಮನೆಗೂ ಬರಬೇಕಾಗುತ್ತದೆ. ನಾನು ನಿನ್ನ ಮೇಲೆ ತಾಟ್ಟುರ್ ಕಟ್ಟುತ್ತಿದ್ದೇನೆ. ಹೌದು, ಅಣಕದ ಹಾಡು. ನೀನು ಚಿಕ್ಕವಳಿದ್ದಾಗ, ನೆರೆಯವನ ಕುರಿಗೆ ತನ್ನ ಗುರುತು ಹಾಕಿಕೊಂಡವನನ್ನು ಇಬ್ಬರು ಎರಡೂ ಕೈ ಹಿಡಿದು ಸುತ್ತಿನೊಳಗೆ ನಿಲ್ಲಿಸಿ, ಅವನ ಹಾಡಿಗೆ ಅವನ ಕಾಲನ್ನೇ ಕುಟ್ಟಿಸಿದ್ದನ್ನು ನೋಡಿದ್ದೀಯಲ್ಲ? ಕೊನೆಯ ಚರಣ ಮುಗಿಯುವವರೆಗೆ ಕೈ ಬಿಡುವಂತಿಲ್ಲ. ನಿನ್ನನ್ನೂ ಬಿಡುವುದಿಲ್ಲ.

ಇಂತಿ,
ಆತ್ಮಕ್ಕೆ ಶಾಂತಿ ಇಲ್ಲದ ನಿನ್ನ ಅಮ್ಮ
ರಾಗ್ನಾ

ಮರೆತ ಮಾತು: ವೀಬ್ಕೆ ಹೋಗುವಾಗ ನನ್ನನ್ನು ತಬ್ಬಿಕೊಂಡು, “ಸೋಲ್ರುನ್ ಅವರ ತಾಯಿ ಹೇಗಿದ್ರು?” ಅಂತ ಕೇಳಿದಳು. “ಮಹಾ ಕೋಪಿಷ್ಠೆ, ಆದ್ರೆ ಚೆನ್ನಾಗಿ ಹಾಡ್ತಿದ್ಲು” ಅಂದೆ.

*

ಕೋಪನ್‌ಹೇಗನ್
ಮೇ 21, 2019

ಅಮ್ಮನಿಗೆ,

ನಿನ್ನ ಕಾಗದ ಓದಿದೆ. ತಂಡದವರು ಅಡುಗೆಮನೆಯಲ್ಲಿ ಕೂತಿದ್ದರು. ನಾನು ನಗುತ್ತಿದ್ದೇನೆ ಅಂದುಕೊಂಡು ಅವರೂ ನಕ್ಕರು.

ನಿನಗೆ ಊರವರ ಮುಂದೆ ನಾಚಿಕೆಯಾಯಿತು, ಸರಿ. ನನಗೆ ನಾಚಿಕೆಯಾದ ದಿನ ನಿನಗೆ ನೆನಪಿದೆಯೇ? ನಾಲ್ಕು ವರ್ಷದ ಹಿಂದೆ, ಬಂದರಿನ ಕಟ್ಟೆಯ ಮೇಲೆ, ಹಡಗು ಹೊರಡುವ ಹೊತ್ತಿಗೆ. ನಿನ್ನ ರಾಗ ಹಾಕಿದ ನಮ್ಮ ಮೊದಲ ಹಾಡು ಆ ವಾರವಷ್ಟೇ ರೇಡಿಯೊದಲ್ಲಿ ಬಂದಿತ್ತು. ನಾನು ಗಿಟಾರಿನ ಪೆಟ್ಟಿಗೆ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ಟಿಕೆಟ್ ಹರಿಯುವವನು ನಿನ್ನನ್ನು, “ಮಗಳನ್ನ ಕಳ್ಸೋಕೆ ಬಂದ್ರಾ?” ಅಂತ ಕೇಳಿದ. ನೀನು ಇಡೀ ಕಟ್ಟೆಗೆ ಕೇಳುವ ಹಾಗೆ, “ಮಗಳಾ? ನಂಗೆ ಮಗಳೇ ಇಲ್ಲ!” ಅಂದೆ. ಆಮೇಲೆ ಮೀನಿನ ಬುಟ್ಟಿ ಎತ್ತಿಕೊಂಡು ಹೋದೆ, ಹಿಂದಿರುಗಿ ನೋಡಲಿಲ್ಲ. ಯಾರು ಯಾರನ್ನು ಮೊದಲು ಕೊಂದದ್ದು?

ಹಡಗಿನಲ್ಲಿ ಊರಿನ ಹೆಂಗಸರು ನನಗೆ ಪೆಪ್ಪರ್‌ಮಿಂಟ್ ಕೊಟ್ಟು ಸಮಾಧಾನ ಮಾಡಿದರು. ಎರಡು ಗಂಟೆ! ಅದಕ್ಕಿಂತ ನೀರಿಗೆ ಹಾರುವುದು ಸುಲಭವಿತ್ತು.

ಕೊಡಲಿಯ ವಿಚಾರಕ್ಕೆ ಬರುತ್ತೇನೆ. ತಮಾಷೆ ಮಾಡುತ್ತೀಯಲ್ಲ, ಕೊಡಲಿ ಎಲ್ಲಿಂದ ಬಂತು ಅಂತ. ನೀನು ಹಾಡು ಹೇಳಿಕೊಡುವುದನ್ನು ಎಲ್ಲಿಗೆ ನಿಲ್ಲಿಸಿದೆ? ಆಸಾ ಬಲೆಯ ಮುಂದೆ ಸೂಜಿ ಹಿಡಿದು ಕೂತಳು, ಅಲ್ಲಿಗೆ. ನಾನು ಊರು ಬಿಡುವ ಮೊದಲು ಒಂದು ದಿನ ಬ್ರಾಂಡುರ್ ಮನೆಗೆ ಗಿಟಾರ್ ತಂದಿದ್ದ. ನಾವಿಬ್ಬರೂ ನಿನ್ನ ರಾಗವನ್ನು ಬಾರಿಸಿ ತೋರಿಸಿದೆವು. ನಿನಗೆ ಸಂತೋಷವಾಗುತ್ತದೆ ಅಂದುಕೊಂಡಿದ್ದೆ, ಎಂಥ ಮೂರ್ಖಳು ನಾನು. ನೀನು ಒಲೆಯ ಮೇಲಿನ ಪಾತ್ರೆ ಇಳಿಸಿ, “ಇನ್ನು ಮುಂದಿಂದು ನಿಂಗೆ ಹೇಳ್ಕೊಡಲ್ಲ” ಅಂದೆ. ಅಷ್ಟೇ. ಅರ್ಧ ಹಾಡು ಬಾಯಲ್ಲಿಟ್ಟುಕೊಂಡು ಊರೂರು ಸುತ್ತುತ್ತಿರುವವಳು ನಾನು. ಆಸಾ ಹೊರಗೆ ಬಂದಳೋ, ಅಲ್ಲೇ ಮುಳುಗಿದಳೋ ನನಗೆ ಗೊತ್ತಿಲ್ಲ. ಜನ ಟಿಕೆಟ್ ತೆಗೆದುಕೊಂಡು ನಿಂತಿರುವಾಗ ಅವಳನ್ನು ಕಡಲ ತಳದಲ್ಲಿ ಕೂರಿಸಿ ದೀಪ ಆರಿಸಿ ಹೋಗಲೇ? ಬ್ರಾಂಡುರ್ ಕೊಡಲಿ ಕೊಟ್ಟ. ನೀನು ಏನು ಕೊಟ್ಟೆ?

ನಮ್ಮ ಸಂಗೀತ ಗದ್ದಲ ಅಂತ ಮೊದಲಿಂದಲೂ ಹೇಳ್ತೀಯ. ಹೌದು, ಗದ್ದಲವೇ. ನಿನ್ನ ಜೊತೆ ಬೆಳೆದವಳಿಗೆ ಮೆಲ್ಲಗೆ ಹಾಡಿದರೆ ಯಾರಿಗೂ ಕೇಳಿಸುವುದಿಲ್ಲ ಅಂತ ಗೊತ್ತು.

ತಾಟ್ಟುರ್ ಕಟ್ಟು. ಸಾಮಲಣ್ಣನಿಗೂ ಹೇಳು, ಗಂಟಲು ಸರಿಮಾಡಿಕೊಳ್ಳಲಿ. ನಾನು ಬರುತ್ತೇನೆ. ಎರಡು ಕೈಯನ್ನೂ ಚಾಚಿಕೊಂಡೇ ಬರುತ್ತೇನೆ.

ಸೋಲ್ರುನ್

ಇನ್ನೊಂದು: ಬ್ರಾಂಡುರ್ ಕಟ್ಟಿದ ಸುಳ್ಳು ಅಂತ ಬರೆದಿದ್ದೀಯ. ಅವನಲ್ಲ. ಪತ್ರಿಕೆಯವನೊಬ್ಬ, “ನಿಮ್ಮ ಹಾಡು ಕೇಳಿ ನಿಮ್ಮ ತಾಯಿ ಏನಂತಾರೆ?” ಅಂತ ಕೇಳಿದ. ಏನೂ ಅನ್ನುವುದಿಲ್ಲ, ಕೇಳುವುದೇ ಇಲ್ಲ ಅಂತ ಹೇಳಲು ಬಾಯಿ ಬರಲಿಲ್ಲ. “ಅಮ್ಮ ಇಲ್ಲ” ಅಂದುಬಿಟ್ಟೆ. ಆಮೇಲೆ ಬ್ರಾಂಡುರ್ ಅದನ್ನು ಬಿಡಲು ಒಪ್ಪಲಿಲ್ಲ. ಪ್ರತಿ ಊರಿನಲ್ಲೂ ಬೇರೆ ಬೇರೆ ಹೇಳಿ ನೋಡಿದೆ, ಯಾರಾದರೂ ಎದ್ದು ನಿಂತು ‘ಸುಳ್ಳು’ ಅನ್ನಲಿ ಅಂತ. ಯಾರೂ ಅನ್ನಲಿಲ್ಲ.

*

ಹೆಲ್ಲಾವಿಕ್
ಜುಲೈ 2, 2019

ಸೋಲ್ರುನ್,

ಹೇಳದೆ ಕೇಳದೆ ಬೆಳಗಿನ ಹಡಗಿಗೆ ಹೋದೆಯಲ್ಲ, ಅದಕ್ಕೆ ಮೊದಲು ಬೈಗುಳ. ನಿನ್ನ ಕೋಣೆಗೆ ಹಾಸಿಗೆ ಹಾಸಿಟ್ಟಿದ್ದೆ. ಒಣಗಿಸಿದ ಕುರಿಮಾಂಸ ಇಳಿಸಿ ಕೊಯ್ದಿಟ್ಟಿದ್ದೆ. ಎರಡನ್ನೂ ಸಾಮಲ್‌ನ ನಾಯಿ ಅನುಭವಿಸಿತು.

ಅವತ್ತು ಏನಾಯಿತೆಂದು ನಿನಗೂ ಗೊತ್ತು. ಆದರೆ ನೀನು ನೋಡಿದ್ದು ನಿನ್ನ ಕಡೆಯಿಂದ. ನನ್ನ ಕಡೆಯದನ್ನು ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ತ್ವೋರೊಯ್ರಿ ಬಂದರಿನಲ್ಲಿ ವೇದಿಕೆಯ ಎದುರಿಗೇ ಮೀನಿನ ಪೆಟ್ಟಿಗೆ ಬೋರಲು ಹಾಕಿ ಕೂತಿದ್ದೆ, ಕಾರ್ಖಾನೆಯಲ್ಲಿ ಯಂತ್ರದ ಸದ್ದಿಗೆ ಹಾಕುವ ಹಳದಿ ಕಿವಿಮುಚ್ಚು ಹಾಕಿಕೊಂಡು. ನಿನಗೆ ಕಾಣಲಿ ಅಂತಲೇ ಹಾಕಿದ್ದು. ನೀನು ಅದನ್ನು ನೋಡಿದೆ. ಆಸಾಳ ಹಾಡು ಬಂತು. ನೀನು ಮೈಕಿನ ಮುಂದೆ ಬಂದು ನಿಂತೆ, ಬಾಯಿ ತೆರೆದೆ, ನನ್ನ ಸಾವಿನ ಕಥೆ ಮಾತ್ರ ಹೊರಡಲಿಲ್ಲ. ನಮ್ಮೂರಿನವರೆಲ್ಲ ಅಲ್ಲೇ ನಿಂತಿದ್ದರು. ಆಗ ಆ ಬ್ರಾಂಡುರ್ ಮುಂದೆ ಬಂದು, “ಇವತ್ತು ಈ ಹಾಡಿನ ತಾಯಿ ಪರಲೋಕದಿಂದ ರಜಾ ಹಾಕಿ ಬಂದಿದ್ದಾರೆ!” ಅಂದ. ಜನ ಹೋ ಅಂತ ನಕ್ಕರು. ನನ್ನನ್ನು ನೋಡಿ ನಗಲು ನನ್ನ ಊರಿಗೆ ಹಕ್ಕಿದೆ. ಅವನ ಮಾತಿಗೆ ನಕ್ಕಿದ್ದಕ್ಕೆ ಮೈ ಉರಿಯಿತು.

ಎದ್ದು ಹೋಗಬೇಕು ಅಂತ ಕಿವಿಮುಚ್ಚು ತೆಗೆದೆ. ಅಷ್ಟರಲ್ಲಿ ಡ್ರಮ್ ಶುರುವಾಯಿತು. ನಮ್ಮ ಕುಣಿತದ ಹಾಗೆಯೇ ಎಡಕ್ಕೆ ಎರಡು, ಬಲಕ್ಕೆ ಒಂದು. ಆ ದೆವ್ವದಂಥ ಸದ್ದಿನೊಳಗೆ ಕಾಲಿನ ಲೆಕ್ಕ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ. ಯಾರು ಕಲಿಸಿದರು ಆ ಡ್ರಮ್ಮಿನವನಿಗೆ? ನೀನೇ ಕಲಿಸಿರಬೇಕು. ನನ್ನ ಬೂಟು ನನ್ನನ್ನು ಕೇಳದೆಯೇ ಕುಟ್ಟುತ್ತಿತ್ತು. ನನಗೆ ಬಂದ ಸಿಟ್ಟು ಹೇಳತೀರದು. ಬೈಯಲು ಬಂದವಳನ್ನು ಕುಣಿಸುವುದು ಯಾವ ನ್ಯಾಯ? ಮೇಲಾಗಿ ಕೊಡಲಿಯ ಚರಣ ಬಂದಾಗ ನೀನು ಮೈಕಿಗೆ ಬೆನ್ನು ಹಾಕಿ ನಿಂತೆ. ಬ್ರಾಂಡುರ್ ಒಬ್ಬನೇ ಕಿರುಚಿದ. ಬೇರೆ ಯಾರೂ ಗಮನಿಸದಿರಬಹುದು. ನಾನು ಗಮನಿಸಿದೆ.

ಕುಣಿತದ ಮನೆಗೆ ನೀನು ಮುಖದ ಬಣ್ಣವನ್ನೂ ತೊಳೆಯದೆ ಬಂದೆ, ಎರಡು ಕೈ ಚಾಚಿಕೊಂಡು, ಬರೆದಿದ್ದ ಹಾಗೆಯೇ. ಎಡಗೈ ಸಾಮಲ್ ಹಿಡಿದ. ಬಲಗೈ ಹಿಡಿಯಲು ಊರಿನ ಗಟ್ಟಿ ಗಂಡಸರು ಸಾಲಾಗಿ ನಿಂತಿದ್ದರು. ಅವರನ್ನೆಲ್ಲ ಸರಿಸಿ ನಾನೇ ಹಿಡಿದೆ. ನಾಲ್ಕು ವರ್ಷದ ಮೇಲೆ ನಿನ್ನ ಕೈ. ಬೆರಳ ತುದಿಯಲ್ಲಿ ತಂತಿಯ ಗಡಸು ಬಂದಿದೆ. ಹಿಡಿತ ಸಡಿಲಿಸಲಿಲ್ಲ, ಸಡಿಲಿಸಬಾರದು ಅಂತಲೇ ಹಿಡಿದದ್ದು. ಸಾಮಲ್ ಹಾಡು ಎತ್ತಿದ. ನೂರು ಜನ ಕುಟ್ಟಿದರು:

ಹ್ಯಾಂಬರ್ಗಿನಲ್ಲಿ ಜ್ವರ ಬಂದು ಸತ್ತಳು ರಾಗ್ನಾ,
ಗ್ರಾಜಿನ ಬಂಡೆಲಿ ಕುರಿಯಟ್ಟಿ ಸತ್ತಳು ರಾಗ್ನಾ,
ಬೆರ್ಗೆನ್ನ ತೆರೆಯಲ್ಲಿ ಕೊಚ್ಚಿಯೇ ಹೋದಳು ರಾಗ್ನಾ,
ಸೋಮಾರ ಮೀನನ್ನು ಕೊಯ್ಯೋಕೆ ಬಂದಳು ರಾಗ್ನಾ!
ಕುಟ್ಟಿರಿ ಕಾಲನ್ನು, ಬಿಡಬೇಡಿ ಕೈಯ,
ಸತ್ತವಳು ಸಾಲಲ್ಲಿ ನಿಂತಿಹಳಯ್ಯ!

ಒಂದೊಂದು ಚರಣಕ್ಕೂ ಮನೆ ಹಾರಿಹೋಗುವ ಹಾಗೆ ನಗು. ನೀನು ತಲೆ ತಗ್ಗಿಸುತ್ತೀಯ, ಅಳುತ್ತೀಯ ಅಂತ ಕಾದಿದ್ದೆ. ಇದನ್ನು ಮುಚ್ಚಿಡುವುದಿಲ್ಲ, ಅದನ್ನು ನೋಡುವ ಆಸೆ ನನಗಿತ್ತು. ನೀನು ಅಳಲಿಲ್ಲ. ಕಾಲು ಸರಿಯಾಗಿ ಹಾಕುತ್ತಾ ಹಾಕುತ್ತಾ, ಕೊನೆಯ ಚರಣ ಮುಗಿದು ಸಾಮಲ್ ಉಸಿರು ಎಳೆದುಕೊಂಡ ಗಳಿಗೆಯಲ್ಲಿ ನೀನೇ ಎತ್ತಿದೆ:

ಬಂದರ ಕಟ್ಟೇಲಿ ಅಮ್ಮನು ಕೂಗಿಯೆ ಅಂದಳು,
ಮಗಳೆಂಬ ಹೆಣ್ಣೇ ನನಗಿಲ್ಲ ಹೋಗೆಂದು ಅಂದಳು,
ಇಲ್ಲದ ಮಗಳು ಯಾವೂರ ದಾರೀಲಿ ಬಂದಳು?
ಇಲ್ಲದ ಬಾಯಲ್ಲಿ ಅಮ್ಮನ ಹೇಗೆ ಕೊಂದಳು?

ಅವತ್ತು ಕಟ್ಟೆಯ ಮೇಲೆ ನಿಂತು ಕೇಳಿಸಿಕೊಂಡವರೇ ಅರ್ಧ ಜನ ಅಲ್ಲಿದ್ದರು. ಆ ದ್ರೋಹಿ ಸಾಮಲ್ “ಬಲವಾಗಿದೆ ಕಣ್ರೋ, ಹಿಡೀರಿ!” ಅಂತ ಕೂಗಿದ. ಇಡೀ ಸುತ್ತು ಅದನ್ನು ಎತ್ತಿಕೊಂಡಿತು. ಒಂದು ಸಲವಲ್ಲ, ಮತ್ತೆ ಮತ್ತೆ. ನಾನು ಕೈ ಬಿಡಿಸಿಕೊಂಡು ಹೋಗಬೇಕೆಂದೆ. ನೀನು ಬಿಡಲಿಲ್ಲ. ನಾನೇ ಹೂಡಿದ ಸುತ್ತಿನಲ್ಲಿ ನನ್ನನ್ನೇ ಕಟ್ಟಿಹಾಕಿ, ನನ್ನ ಮಾತಿಗೆ ನನ್ನ ಕಾಲನ್ನೇ ಕುಟ್ಟಿಸಿದೆ. ನೂರು ಜನ ನಗುತ್ತಿದ್ದರು. ಪೂರ್ತಿ ಒಂದು ಸುತ್ತು ಬರುವವರೆಗೆ ನಾನು ನಿನ್ನ ಮುಖ ನೋಡಲಿಲ್ಲ. ನೋಡಿದಾಗ, ಬಣ್ಣವೆಲ್ಲ ಕರಗಿ ನೀನು ಆ ಜರ್ಮನ್ ಹುಡುಗಿಯ ಹಾಗೆಯೇ ಕಾಣುತ್ತಿದ್ದೆ. ಆದರೂ ಹಾಡುತ್ತಿದ್ದೆ. ಆ ಚರಣ ನಾನು ಕಟ್ಟಿದ ಎಲ್ಲದಕ್ಕಿಂತ ಚೆನ್ನಾಗಿದೆ. ಈಗ ಕಾರ್ಖಾನೆಯಲ್ಲಿ ಅದನ್ನೇ ಹಾಡುತ್ತಿದ್ದಾರೆ. ಬೇಕಿತ್ತಾ ನನಗೆ?

ಮಾರನೆಯ ದಿನ ಬ್ರಾಂಡುರ್ ಮನೆಗೆ ಬಂದ. ತೋಳದ ಚರ್ಮ ಇರಲಿಲ್ಲ, ಮಳೆಯ ಕೋಟು. ಸಾಮಲ್ ಕುರಿ ಹಿಂಡಿಯ ಮೂಟೆ ಎರಡನ್ನು ಬಾಗಿಲಲ್ಲಿ ಇಳಿಸಿ ಹೋಗಿದ್ದ. ಮೊದಲು ಅವೆರಡನ್ನೂ ಕೊಟ್ಟಿಗೆಗೆ ಹೊರಿಸಿದೆ. ಆಮೇಲೆ ಏನು ಬಂದೆ ಅಂದೆ.

“ನಿಮ್ಮ ಆ ಅಣಕದ ಹಾಡು ನಮಗೆ ಬೇಕು” ಅಂದ. “ಆಗಸ್ಟ್‌ನಲ್ಲಿ ಜರ್ಮನಿಯಲ್ಲಿ ಭಾರಿ ಉತ್ಸವ. ನೀವೇ ಬನ್ನಿ. ಸತ್ತಿದ್ದಾರೆ ಅಂದ್ಕೊಂಡಿರೋ ತಾಯಿ ಹೊಗೆ ಒಳಗಿಂದ ವೇದಿಕೆ ಮೇಲೆ ಎದ್ದು ಬರ್ತಾರೆ! ಕೆಳಗಡೆ ಲಿಫ್ಟ್ ಇರುತ್ತೆ, ನಿಮ್ಗೆ ಕಷ್ಟ ಇಲ್ಲ.”

“ಸೋಲ್ರುನ್ ಏನಂದ್ಲು?”

ಅವನು ಕಾಫಿ ಲೋಟದೊಳಗೆ ನೋಡುತ್ತಾ ಹೇಳಿದ. ನೀನು ಇನ್ನು ಆ ಸಾವಿನ ಮಾತು ಆಡುವುದಿಲ್ಲ ಅಂದೆಯಂತೆ. ಕೊಡಲಿಯ ಚರಣವನ್ನೂ ಹಾಡುವುದಿಲ್ಲ ಅಂದೆಯಂತೆ. ಅದಕ್ಕೆ ಓಸ್ಲೋದ ಒಬ್ಬ ಹುಡುಗಿಯನ್ನು ಮಾತಾಡಿಸಿದ್ದಾರಂತೆ. “ಧ್ವನಿ ಸುಮಾರು ಹಂಗೇ ಇದೆ” ಅಂದ.

ಸುಮಾರು ಹಂಗೇ! ಸೋಲ್ರುನ್, ಅಲ್ಲಿಯವರೆಗೆ ನನ್ನ ಸಿಟ್ಟು ನಿನ್ನ ಮೇಲಿತ್ತು. ಆ ಮಾತು ಕೇಳಿದ ಕೂಡಲೇ ಅದು ಮನೆ ಬದಲಾಯಿಸಿತು. ನನ್ನಜ್ಜಿಯ ಹಾಡು, ನನ್ನ ಮಗಳ ಗಂಟಲು, ನೀನು ಕಲಿಸಿದ ಕಾಲಿನ ಲೆಕ್ಕ. ಇವನದ್ದು ಅಂತ ಅದರಲ್ಲಿ ಇರುವುದು ಆ ಕೊಡಲಿ ಒಂದೇ. ನಿನ್ನನ್ನು ಮನೆಯಿಂದ ಹೊರಗೆ ಹಾಕಲು ನನಗೂ ಹಕ್ಕಿರಲಿಲ್ಲ, ಹಾಕಿಬಿಟ್ಟೆ. ಇವನಿಗೆ ಯಾರು ಕೊಟ್ಟರು ಹಕ್ಕು?

“ಲೋಟ ಕೆಳಗಿಡು” ಅಂದೆ. ಇಟ್ಟ. “ಆ ಹಾಡನ್ನ ಓಸ್ಲೋದ ಹುಡುಗಿ ಬಾಯಲ್ಲಿ ಹಾಕಿದ್ರೆ ನಿನ್ನ ಮೇಲೂ ಒಂದು ಕಟ್ತೀನಿ. ನಿನ್ನ ಗಡ್ಡ, ನಿನ್ನ ಬಾಡಿಗೆ ತೋಳದ ಚರ್ಮ, ಇವತ್ತು ನನ್ನ ಕೊಟ್ಟಿಗೇಲಿ ಮೂಟೆ ಹೊತ್ತಿದ್ದು, ಎಲ್ಲಾ ಸೇರ್ಸಿ. ನಮ್ಮ ಹದಿನೆಂಟು ದ್ವೀಪದಲ್ಲೂ ಕುಣಿಸ್ತೀನಿ. ಆಮೇಲೆ ನೀನು ಎಲ್ಲೂ ಕಾಲಿಡೋಹಂಗಿಲ್ಲ.” ಅವನು ಹುಡುಗನಾಗಿದ್ದಾಗ ಸೇಬು ಕದ್ದು ಸಿಕ್ಕಿಬಿದ್ದ ಮುಖವನ್ನೇ ಮಾಡಿಕೊಂಡು ಎದ್ದು ಹೋದ.

ಈಗ ನಿನಗೆ. ನಾನು ಕ್ಷಮಿಸಿಲ್ಲ. ಬೆರ್ಗೆನ್ ತೆರೆಯನ್ನು ಬೇಕಾದರೆ ಮರೆತೇನು, ಕುರಿಯದನ್ನು ಮರೆಯಲಾರೆ. ನೀನೂ ಕ್ಷಮಿಸಬೇಡ, ಕಟ್ಟೆಯ ಮೇಲೆ ನಾನು ಆಡಿದ್ದು ಆಡಿದ್ದೇ. ಆದರೆ ತಂಡ ಬಿಟ್ಟು ಮೂಲೆಯಲ್ಲಿ ಕೂರುವುದಕ್ಕೆ ನಾನು ಒಪ್ಪುವುದಿಲ್ಲ. ಆ ಡ್ರಮ್ಮಿನವನನ್ನು ನಿನ್ನ ಕಡೆಗೆ ಕರೆದುಕೋ. ಲೆಕ್ಕ ಗೊತ್ತಿರುವವನು ಅವನೊಬ್ಬನೇ. ಬೇರೆ ತಂಡ ಕಟ್ಟು. ಎಷ್ಟು ಗದ್ದಲ ಬೇಕಾದರೂ ಮಾಡು, ಕಿವಿಮುಚ್ಚು ನನ್ನ ಹತ್ತಿರ ಇದೆ.

ಆಸಾ ಮುಳುಗಲಿಲ್ಲ ಕಣೇ. ಕೊಡಲಿಯೂ ಬೇಕಾಗಲಿಲ್ಲ. ಚಳಿಗಾಲ ಪೂರ್ತಿ ರಾನ್‌ಳ ಪಕ್ಕದಲ್ಲೇ ಕೂತು ಬಲೆಯನ್ನು ಹೊಲಿದಳು, ಪ್ರತಿ ಗಂಟನ್ನೂ ಬೇಕೆಂದೇ ಸಡಿಲ ಹಾಕಿದಳು. ರಾನ್ ಮುಟ್ಟಿ ನೋಡಿ ಮೆಚ್ಚಿಕೊಂಡಳು. ವಸಂತದಲ್ಲಿ ಬಲೆ ಬೀಸಿದಾಗ ಒಂದೊಂದೇ ಗಂಟು ಬಿಚ್ಚಿಕೊಂಡು, ತಮ್ಮನೊಬ್ಬನೇ ಅಲ್ಲ, ಅದರೊಳಗಿದ್ದವರೆಲ್ಲ ಹೊರಗೆ ಬಂದರು. ಕಥೆ ಇಷ್ಟು. ಚರಣಗಳನ್ನು ಮಾತ್ರ ಬರೆದು ಕಳಿಸಲಾರೆ. ನಿಂತಲ್ಲಿ ಅವು ನನಗೆ ನೆನಪಾಗುವುದಿಲ್ಲ, ಕಾಲು ಕುಟ್ಟಬೇಕು. ಕುಟ್ಟಲು ಪಕ್ಕದಲ್ಲಿ ಇನ್ನೊಬ್ಬರ ಕೈ ಬೇಕು.

ಈ ವಾರವೇ ಬಾ. ಕೋಪ ಬಿಟ್ಟು ಬರಬೇಕೆಂದಿಲ್ಲ, ಅದನ್ನೂ ಜೊತೆಗೇ ಕರೆದುಕೊಂಡು ಬಾ. ನನ್ನದೂ ಇಲ್ಲೇ ಇದೆ.

ನಿನ್ನ ಅಮ್ಮ,
ರಾಗ್ನಾ

ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಜುಲೈ ಕೊನೆಗೆ ಟೋರ್ಸ್‌ಹಾವ್ನ್ ಆಸ್ಪತ್ರೆಯಲ್ಲಿ ನನ್ನ ಗಂಟಲಿಗೆ ಕತ್ತರಿ ಹಾಕುತ್ತಾರೆ. ಜೀವಕ್ಕೆ ಏನೂ ಇಲ್ಲ ಅಂದಿದ್ದಾರೆ. ಧ್ವನಿ ಉಳಿಯುವುದಿಲ್ಲವಂತೆ. ಇದು ನಿಜ. ಹಾಗಾಗಿ ಇದನ್ನು ಯಾವ ವೇದಿಕೆಯ ಮೇಲೂ ಹೇಳಬೇಡ.